ಎಳೆಯರ ಹೃದಯ ಮತ್ತು ಅಜ್ಮಲೀನ್ ಪರೀಕ್ಷೆ: ಆರು ಪಾಠಗಳು

ರಾತ್ರಿ ಆರೋಗ್ಯವಾಗಿ ಮಲಗಿದ ಹುಡುಗ ಬೆಳಿಗ್ಗೆ ಏಳುವುದಿಲ್ಲ. ಶವಪರೀಕ್ಷೆಯಲ್ಲೂ ಕಾರಣ ಸಿಗುವುದಿಲ್ಲ. ಇಂಥ ಮನೆಗಳ ಉಳಿದ ಮಕ್ಕಳನ್ನು ತಪಾಸಣೆ ಮಾಡುವುದೇ ಬ್ರಿಟನ್ನಿನಲ್ಲಿ ನನ್ನ ಕೆಲಸ. ಇಂಥ ಸಾವಿಗೆ ಕಾರಣವಾಗಬಲ್ಲ, ಬ್ರುಗಾಡಾ ಸಹೋದರರು 1992ರಲ್ಲಿ ವಿವರಿಸಿದ ಬ್ರುಗಾಡಾ ಎಂಬ ಹೃದಯಬಡಿತದ ಆನುವಂಶಿಕ ಕಾಯಿಲೆ ಎಷ್ಟೋ ಸಲ ಇಸಿಜಿಯಲ್ಲಿ ಅಡಗಿಯೇ ಇರುತ್ತದೆ. ಅದನ್ನು ಹೊರಗೆ ತರಲು ಅಜ್ಮಲೀನ್ ಎಂಬ ಔಷಧ ಕೊಡುತ್ತೇವೆ. ಸಲೀಮುಜ್ಜಮಾನ್ ಸಿದ್ದಿಕಿ 1931ರಲ್ಲಿ ದೆಹಲಿಯಲ್ಲಿ ಸರ್ಪಗಂಧದ ಬೇರಿನಿಂದ ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನರ ಹೆಸರಿಟ್ಟ ವಸ್ತು ಇದು. ಹೃದಯದ ಸೋಡಿಯಂ ಚಾನೆಲ್‌ಗಳನ್ನು ಸ್ವಲ್ಪ ಹೊತ್ತು ತಡೆದು, ಅಲ್ಲಿರುವ ದುರ್ಬಲತೆಯನ್ನು ಇಸಿಜಿಯಲ್ಲಿ ತೋರಿಸುತ್ತದೆ.

1. ಮೊದಲು ಮಾತು, ಆಮೇಲೆ ಸೂಜಿ.
ಪ್ರಜ್ಞೆ ತಪ್ಪಿದ್ದು ಯಾವಾಗ ಎಂದು ಬಿಡಿಸಿ ಕೇಳಬೇಕು. ಈಜುವಾಗ ಆಗಿದ್ದರೆ ಲಾಂಗ್ ಕ್ಯೂಟಿ ಎಂಬ ಇನ್ನೊಂದು ಹೃದಯಬಡಿತದ ಕಾಯಿಲೆಯ ಮೊದಲ ಬಗೆ, ಅಲಾರಂ ಸದ್ದಿಗೆ ಬೆಚ್ಚಿದಾಗ ಆಗಿದ್ದರೆ ಎರಡನೆಯ ಬಗೆ ನೆನಪಾಗಬೇಕು. ನಿದ್ದೆಯಲ್ಲಿ ಅಥವಾ ಜ್ವರದಲ್ಲಿ ಆಗಿದ್ದರೆ ಬ್ರುಗಾಡಾ. ಫಿಟ್ಸ್ ಎಂದು ವರ್ಷಗಟ್ಟಲೆ ಮಾತ್ರೆ ನುಂಗಿದವರಲ್ಲೂ ಇವು ಸಿಗುತ್ತವೆ.

2. ಸಾದಾ ಇಸಿಜಿಯನ್ನು ಪೂರ್ತಿ ದುಡಿಸಿಕೊಳ್ಳಿ.
ವಿ1, ವಿ2 ಲೀಡ್‌ಗಳನ್ನು ಪಕ್ಕೆಲುಬುಗಳ ನಾಲ್ಕನೆಯ ಸಂದಿಯಿಂದ ಮೂರನೆಯದಕ್ಕೆ, ಎರಡನೆಯದಕ್ಕೆ ಏರಿಸಿ ಮತ್ತೆ ತೆಗೆಯಬೇಕು. ಬ್ರುಗಾಡಾದ ಸ್ಪಷ್ಟ ಚಿತ್ರ ಅಲ್ಲೇ ಕಂಡರೆ ಔಷಧದ ಪರೀಕ್ಷೆಯೇ ಬೇಡ.

3. ಎಲ್ಲ ಕಾಯಿಲೆಗೂ ಒಂದೇ ಔಷಧವಲ್ಲ.
ಓಡಿದಾಗ, ಉದ್ವೇಗಗೊಂಡಾಗ ಬಡಿತ ಕೆಡುವ ಸಿಪಿವಿಟಿ ಎಂಬ ಕಾಯಿಲೆಯನ್ನು ಹುಡುಕಲು ಟ್ರೆಡ್‌ಮಿಲ್ಲೇ ಮುಖ್ಯ. ಓಡಲಾಗದವರಿಗೆ ಅಡ್ರಿನಲಿನ್ ಉಪಯೋಗಕ್ಕೆ ಬರಬಹುದು. ಲಾಂಗ್ ಕ್ಯೂಟಿ ಅನುಮಾನವಿದ್ದರೆ, ಮಲಗಿದ ಮಗುವನ್ನು ಥಟ್ಟನೆ ಎಬ್ಬಿಸಿ ನಿಲ್ಲಿಸಿ ತೆಗೆದ ಇಸಿಜಿ ಬಹಳಷ್ಟು ಹೇಳುತ್ತದೆ.

4. ಸಿದ್ಧತೆಯಿಲ್ಲದೆ ಸಿರಿಂಜ್ ಎತ್ತಬೇಡಿ.
ಒಂದು ಕಿಲೋ ತೂಕಕ್ಕೆ 1 ಮಿಲಿಗ್ರಾಂ ಅಜ್ಮಲೀನನ್ನು ಸಾಮಾನ್ಯವಾಗಿ 5ರಿಂದ 10 ನಿಮಿಷಗಳಲ್ಲಿ ಕೊಡುತ್ತೇವೆ. ಡಿಫಿಬ್ರಿಲೇಟರ್ ಪ್ಯಾಡ್‌ಗಳು ಮೊದಲೇ ಎದೆಗೆ ಅಂಟಿರಬೇಕು, ಐಸೋಪ್ರೆನಲಿನ್ ಕೈಗೆಟುಕುವಂತಿರಬೇಕು. ಬ್ರುಗಾಡಾ ಚಿತ್ರ ಮೂಡಿದರೆ, ಇಸಿಜಿಯ ಅಲೆಗಳಲ್ಲಿ ಒಂದಾದ ಕ್ಯೂಆರ್‌ಎಸ್ ಮೊದಲಿಗಿಂತ ಶೇ. 30ರಷ್ಟು ಅಗಲವಾದರೆ, ಕೆಳಕೋಣೆಗಳಿಂದ ಅಡ್ಡಬಡಿತ ಶುರುವಾದರೆ ಆ ಕ್ಷಣವೇ ನಿಲ್ಲಿಸಬೇಕು. ಅಜ್ಮಲೀನ್ ಬೇಗ ಇಳಿಯುತ್ತದೆ. ಅದರ ಬದಲು ಫ್ಲೆಕೈನೈಡ್ ಕೊಟ್ಟರೆ ಹಲವು ಗಂಟೆ ಕಾದು ನೋಡಲೇಬೇಕು.

5. ಬಾಲ್ಯದ ನೆಗೆಟಿವ್ ಕೊನೆಯ ಮಾತಲ್ಲ.
ಹರೆಯಕ್ಕೆ ಮುಂಚೆ ಏನೂ ಕಾಣದ ಮಗುವಿನಲ್ಲಿ ಆಮೇಲೆ ಅದೇ ಪರೀಕ್ಷೆ ಪಾಸಿಟಿವ್ ಆದದ್ದುಂಟು. ಮನೆಯಲ್ಲಿ ಕಾಯಿಲೆ ಖಚಿತವಾಗಿದ್ದರೆ, ಬೆಳೆದ ಮೇಲೆ ಮತ್ತೆ ಬರಬೇಕೆಂದು ತಂದೆತಾಯಿಗೆ ಅಂದೇ ಹೇಳಿ, ಬರೆದುಕೊಡಿ.

6. ಪಾಸಿಟಿವ್ ಬಂದ ಮಾತ್ರಕ್ಕೆ ರೋಗಿ ಎನ್ನಬೇಡಿ.
ಆರೋಗ್ಯವಂತರಲ್ಲೂ ಅಜ್ಮಲೀನ್ ಕೆಲವೊಮ್ಮೆ ಈ ಚಿತ್ರವನ್ನು ಮೂಡಿಸುತ್ತದೆ. 2022ರ ಯುರೋಪಿನ ಮಾರ್ಗಸೂಚಿಯೂ ಔಷಧದಿಂದ ಮೂಡಿದ ಚಿತ್ರವೊಂದನ್ನೇ ನಂಬಬೇಡಿ, ರೋಗಲಕ್ಷಣ ಮತ್ತು ಮನೆತನದ ಇತಿಹಾಸವನ್ನು ಕೂಡಿಸಿ ನೋಡಿ ಎನ್ನುತ್ತದೆ. ಲಕ್ಷಣವೇ ಇಲ್ಲದ ಇಂಥವರಲ್ಲಿ ಹೆಚ್ಚಿನವರಿಗೆ ಎದೆಯೊಳಗೆ ಶಾಕ್ ಕೊಡುವ ಐಸಿಡಿ ಯಂತ್ರ ಬೇಕಿಲ್ಲ. ಜ್ವರ ಬಂದ ಕೂಡಲೇ ಇಳಿಸಿಕೊಳ್ಳುವುದು, ಈ ಕಾಯಿಲೆಗೆ ಆಗದ ಔಷಧಗಳ ಪಟ್ಟಿ ಜೊತೆಗಿಟ್ಟುಕೊಳ್ಳುವುದು, ಅತಿಯಾಗಿ ಕುಡಿಯದಿರುವುದು ಸಾಕು. ಹದಿನೇಳರ ಹುಡುಗಿಗೆ ಅಂಟಿದ ಕಾಯಿಲೆಯ ಹೆಸರು ಅವಳ ಓದು, ಕೆಲಸ, ಮದುವೆಯವರೆಗೂ ಹಿಂಬಾಲಿಸುತ್ತದೆ. ಉತ್ತರ ಹೀಗೆ ಬಂದರೆ ಏನು, ಹಾಗೆ ಬಂದರೆ ಏನು ಎಂಬ ಮಾತು ಪರೀಕ್ಷೆಗೆ ಮೊದಲೇ, ಅವಳ ಎದುರಿಗೇ ಆಗಬೇಕು.

ಕರ್ನಾಟಕದಲ್ಲಿರುವ ಓದುಗರಲ್ಲಿ ಒಂದು ಕೋರಿಕೆ. ಮನೆಯಲ್ಲಿ ಎಳೆಯ ಜೀವವೊಂದು ಕಾರಣ ತಿಳಿಯದೆ ಹಠಾತ್ತನೆ ಹೋದರೆ, ಹಾರ್ಟ್ ಅಟ್ಯಾಕ್ ಎಂದೋ ಹಣೆಬರಹವೆಂದೋ ಸುಮ್ಮನಾಗಬೇಡಿ. ಸಾಧ್ಯವಾದರೆ ಶವಪರೀಕ್ಷೆ ಮಾಡಿಸಿ. ತಂದೆತಾಯಿ, ಒಡಹುಟ್ಟಿದವರೆಲ್ಲರ ಇಸಿಜಿ ತೆಗೆಸಿ, ಹೃದಯಬಡಿತದ ತಜ್ಞರಿಗೆ ತೋರಿಸಿ.