ಸಾಕುನಾಯಿಯ ಆರೋಗ್ಯ: ಚುಚ್ಚುಮದ್ದು ಮತ್ತು ಆಹಾರ

ಊರಿನಲ್ಲಿ ನಾಯಿ ಅಂಗಳ ಕಾಯುತ್ತದೆ. ಠಾಣೆ, ಡೊಂಬಿವಲಿ, ಕಲ್ಯಾಣಗಳ ಒಂದೆರಡು ಕೋಣೆಯ ಮನೆಗಳಲ್ಲಿ ಅದು ಮಕ್ಕಳ ಚಾಪೆಯ ಪಕ್ಕದಲ್ಲಿಯೇ ಮಲಗುತ್ತದೆ. ಆದುದರಿಂದ ನಾಯಿಯ ಆರೋಗ್ಯ ನೋಡಿಕೊಳ್ಳುವುದೆಂದರೆ ಮನೆಮಂದಿಯ ಆರೋಗ್ಯ ನೋಡಿಕೊಂಡಂತೆಯೇ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಮೊದಲೇ ಮಾಡತಕ್ಕ ಕೆಲಸಗಳನ್ನು ತಿಳಿಯೋಣ.

ಚುಚ್ಚುಮದ್ದು: ರೋಗಗಳಲ್ಲೆಲ್ಲ ಭಯಂಕರವಾದುದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ಲಕ್ಷಣ ತೋರಿದ ಮೇಲೆ ನಾಯಿಯಾಗಲಿ ಮನುಷ್ಯನಾಗಲಿ ಉಳಿಯುವ ಆಸೆ ಇಲ್ಲವೆಂದೇ ಹೇಳಬೇಕು. ಆದರೆ ತಡೆಯುವ ಉಪಾಯವುಂಟು. 1885ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರರು ಹುಚ್ಚುನಾಯಿ ಕಚ್ಚಿದ 9 ವರ್ಷದ ಹುಡುಗನಿಗೆ ಲಸಿಕೆ ಕೊಟ್ಟು ಬದುಕಿಸಿದರು. ನಾಯಿಮರಿಗೆ ಮೂರು ತಿಂಗಳು ತುಂಬಿದಾಗ ಈ ಲಸಿಕೆ ಹಾಕಿಸಬೇಕು. ಮುಂದೆ ವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸಬೇಕು. ರಕ್ತಭೇದಿ ತರುವ ಪಾರ್ವೋ ಮತ್ತು ಡಿಸ್ಟೆಂಪರ್ ರೋಗಗಳ ಲಸಿಕೆ 6ರಿಂದ 8 ವಾರಕ್ಕೇ ಆರಂಭವಾಗಿ, 3-4 ವಾರಗಳಿಗೊಮ್ಮೆ, 16 ವಾರ ತುಂಬುವವರೆಗೆ ನಡೆಯುತ್ತದೆ. ನಡುವೆ ನಿಲ್ಲಿಸಿದರೆ ರಕ್ಷಣೆ ಅರೆಬರೆಯಾದೀತು.

ಜಂತುಹುಳು: ನಾಯಿಯ ಮಲದಲ್ಲಿರುವ ಹುಳುವಿನ ಮೊಟ್ಟೆ ಮಣ್ಣಿನಿಂದ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಮರಿಗೆ ವೈದ್ಯರು ಹೇಳಿದ ಅವಧಿಗೂ, ದೊಡ್ಡ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆಯೂ ಹುಳುವಿನ ಔಷಧ ಕೊಡಬೇಕು.

ಮಳೆಗಾಲ: ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಹರಡುತ್ತದೆ, 2005ರ ಜುಲೈ 26ರ ಮಹಾಮಳೆಯ ತರುವಾಯ ಮುಂಬಯಿಯಲ್ಲಿ ಅನೇಕರು ಇದರಿಂದ ನರಳಿದರು. ಇದು ನಾಯಿಗೂ ಬರುತ್ತದೆ, ನಾಯಿಯಿಂದ ನಮಗೂ ಬರಬಹುದು. ನಿಂತ ನೀರಿನಲ್ಲಿ ನಾಯಿಯನ್ನು ಇಳಿಸಬಾರದು. ಇದರ ಲಸಿಕೆಯೂ ಉಂಟು, ಕೇಳಿ ಹಾಕಿಸಿರಿ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿಗಳಿವೆಯೇ ಎಂದು ದಿನವೂ ನೋಡಬೇಕು. ಅವು ಜ್ವರ ತರುತ್ತವೆ.

ಆಹಾರ: ಉಳಿದ ಹುಳಿಯನ್ನವನ್ನು ನಾಯಿಗೆ ಹಾಕುವುದು ನಮ್ಮ ರೂಢಿ. ಆದರೆ ಈರುಳ್ಳಿ, ಬೆಳ್ಳುಳ್ಳಿ ಅದರ ರಕ್ತಕಣಗಳನ್ನು ಒಡೆಯುತ್ತವೆ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ಚಾಕೊಲೇಟು ವಿಷವೇ ಸರಿ. ಬೇಯಿಸಿದ ಕೋಳಿಮೂಳೆ ಚೂಪಾಗಿ ಸೀಳಿ ಕರುಳನ್ನು ಚುಚ್ಚುತ್ತದೆ. ಬರಿಯ ಹಾಲು-ಚಪಾತಿಯೂ ಸಾಲದು. ಅನೇಕ ನಾಯಿಗಳಿಗೆ ಹಾಲು ಜೀರ್ಣವಾಗುವುದೂ ಇಲ್ಲ. ಒಗ್ಗರಣೆ, ಖಾರವಿಲ್ಲದ ಅನ್ನ ಅಥವಾ ರಾಗಿಗೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ, ಕುಂಬಳ, ಗಜ್ಜರಿ ಬೆರೆಸಿ ಕೊಡಬಹುದು. ಮಾಂಸ ಬೇಯಿಸದ ಮನೆಯವರು ಯಾವುದನ್ನು ಎಷ್ಟು ಸೇರಿಸಬೇಕೆಂದು ಪಶುವೈದ್ಯರನ್ನು ಕೇಳುವುದು ಒಳಿತು. ದೊಡ್ಡ ನಾಯಿಗೆ ದಿನಕ್ಕೆ ಎರಡು ಹೊತ್ತು ಸಾಕು. ಶುದ್ಧ ನೀರು ಸದಾ ಇರಲಿ.

ಕಚ್ಚಿದರೆ: ನಮ್ಮದೇ ನಾಯಿಯಾದರೂ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ಕೆಲಸಕ್ಕೆ ರಜೆಯಿಲ್ಲವೆಂದು ನಾಳೆಗೆ ಹಾಕದೆ, ಅದೇ ದಿನ ನಗರಪಾಲಿಕೆಯ ಆಸ್ಪತ್ರೆಗೆ ಹೋಗಬೇಕು. ಕಲ್ಯಾಣದಲ್ಲಿ ರುಕ್ಮಿಣಿಬಾಯಿ, ಡೊಂಬಿವಲಿಯಲ್ಲಿ ಶಾಸ್ತ್ರಿನಗರ ಆಸ್ಪತ್ರೆಗಳಿವೆ. ಹೊಟ್ಟೆಗೆ 14 ಸೂಜಿ ಚುಚ್ಚುತ್ತಾರೆಂಬ ಹಳೆಯ ಭಯ ಬೇಡ. ಆ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಯಿತು. ಈಗ ತೋಳಿಗೆ ಕೆಲವೇ ಸೂಜಿ. ಒಂದನ್ನೂ ತಪ್ಪಿಸಬಾರದು.

ನಾಯಿಯ ಲಸಿಕೆ ಚೀಟಿಯನ್ನು ರೇಷನ್ ಕಾರ್ಡಿನೊಂದಿಗೆ ಜೋಪಾನವಾಗಿಡಿರಿ. ಮುಂದಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಇಂದೇ ಗುರುತು ಹಾಕಿರಿ.