ಕೃತಿಸ್ವಾಮ್ಯದ ಬೇಲಿ

ಒಬ್ಬನು ಶ್ರಮಪಟ್ಟು ರಚಿಸಿದ ಪುಸ್ತಕವನ್ನಾಗಲಿ ಹಾಡನ್ನಾಗಲಿ ಮತ್ತೊಬ್ಬನು ಅನುಮತಿಯಿಲ್ಲದೆ ನಕಲುಮಾಡಿ ಮಾರುವುದು ಅನ್ಯಾಯವೆಂಬುದರಲ್ಲಿ ಸಂದೇಹವಿಲ್ಲ. ಇದನ್ನು ತಡೆಯುವುದಕ್ಕಾಗಿಯೇ ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಯಿದೆ. ಬೆಳೆಗೆ ಬೇಲಿಯಿದ್ದಂತೆ ಕೃತಿಗೆ ಈ ಕಾಯಿದೆ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ ಗತಿಯೇನು?

2012ರಲ್ಲಿ '3' ಎಂಬ ತಮಿಳು ಚಲನಚಿತ್ರದ ನಕಲನ್ನು ತಡೆಯಲು ಮದರಾಸು ಉಚ್ಚ ನ್ಯಾಯಾಲಯವು ಆಜ್ಞೆ ನೀಡಿತು. ಅಂತರ್ಜಾಲ ಸಂಪರ್ಕವನ್ನೊದಗಿಸುವ ಕಂಪನಿಗಳಾದರೋ ವಿಮಿಯೋ ಮೊದಲಾದ ತಾಣಗಳನ್ನೇ ಸಂಪೂರ್ಣವಾಗಿ ಮುಚ್ಚಿದುವು. ನೆಗಡಿ ಬಂತೆಂದು ಮೂಗನ್ನೇ ಕೊಯ್ದಂತಾಯಿತು! ನಕಲು ಇರುವ ನಿರ್ದಿಷ್ಟ ಪುಟಗಳನ್ನು ಮಾತ್ರ ತಡೆದರೆ ಸಾಕೆಂದು ನ್ಯಾಯಾಲಯವು ಜೂನ್ ತಿಂಗಳಲ್ಲಿ ಸ್ಪಷ್ಟಪಡಿಸಿತು.

ಕರ್ನಾಟಕದಲ್ಲಿಯೂ ಇಂಥದೇ ಪ್ರಸಂಗವೊದಗಿತು. 'ಕೆ.ಜಿ.ಎಫ್. 2' ಚಿತ್ರದ ಸಂಗೀತವನ್ನು ಕಾಂಗ್ರೆಸ್ ಪಕ್ಷವು ತನ್ನ ಯಾತ್ರೆಯ ದೃಶ್ಯಗಳಿಗೆ ಬಳಸಿತೆಂದು ಎಂ.ಆರ್.ಟಿ. ಮ್ಯೂಸಿಕ್ ಸಂಸ್ಥೆಯು ದಾವೆ ಹೂಡಿತು. 2022ರ ನವೆಂಬರ್ 7ರಂದು ಬೆಂಗಳೂರಿನ ನ್ಯಾಯಾಲಯವು ಪಕ್ಷದ ಟ್ವಿಟರ್ ಖಾತೆಯನ್ನೂ ಯಾತ್ರೆಯ ಖಾತೆಯನ್ನೂ ತಡೆಹಿಡಿಯಲು ಆಜ್ಞಾಪಿಸಿತು. ಮರುದಿನವೇ ಉಚ್ಚ ನ್ಯಾಯಾಲಯವು, ಆಕ್ಷೇಪಿತ ಭಾಗವನ್ನು ತೆಗೆದುಹಾಕಬೇಕೆಂಬ ಷರತ್ತಿನ ಮೇಲೆ, ಆ ಆಜ್ಞೆಯನ್ನು ರದ್ದುಗೊಳಿಸಿತು. ಒಡೆಯನ ಹಕ್ಕೂ ಉಳಿಯಿತು; ಬಾಯಿಗೆ ಬೀಗವೂ ಬೀಳಲಿಲ್ಲ.

ಇನ್ನೊಂದು ಅಪಾಯವುಂಟು. ಅಂತರ್ಜಾಲದ ಪ್ರತಿಯೊಂದು ಸಂಪರ್ಕಕ್ಕೂ ಒಂದು ಸಂಖ್ಯೆಯಿರುತ್ತದೆ. ಆ ಸಂಖ್ಯೆ ಯಾರದೆಂಬುದು ಕಂಪನಿಗೆ ಗೊತ್ತು. ಲಿಂಗಂಪಲ್ಲಿಯ ಒಂದು ವಸತಿಗೃಹದಲ್ಲಿ ಹತ್ತು ಮಂದಿ ತರುಣರು ಒಂದೇ ಸಂಪರ್ಕವನ್ನು ಬಳಸುವರೆಂದು ಭಾವಿಸೋಣ. ಅವರಲ್ಲೊಬ್ಬನು ತಪ್ಪು ಮಾಡಿದರೆ, ಸಂಖ್ಯೆಯು ತೋರಿಸುವುದು ಮನೆಯ ಯಜಮಾನನನ್ನೇ ಹೊರತು ತಪ್ಪಿತಸ್ಥನನ್ನಲ್ಲ! ಇಂಗ್ಲೆಂಡಿನ ಎ.ಸಿ.ಎಸ್. ಲಾ ಎಂಬ ವಕೀಲ ಸಂಸ್ಥೆಯು ಇಂತಹ ಸಂಖ್ಯೆಗಳಿಂದ ಹೆಸರು ವಿಳಾಸಗಳನ್ನು ಪಡೆದು, ಹಣ ಕೊಡಿ, ಇಲ್ಲವಾದರೆ ದಾವೆ ಹೂಡುವೆವೆಂದು ಸಾವಿರಾರು ಮಂದಿಗೆ ಪತ್ರ ಬರೆಯಿತು. 2010ರ ಸೆಪ್ಟೆಂಬರಿನಲ್ಲಿ ಅದರ ಕಡತಗಳೇ ಬಯಲಾಗಿ, ಆ ಜನರ ಹೆಸರುಗಳು ಆರೋಪಸಹಿತ ಲೋಕಕ್ಕೆಲ್ಲ ತಿಳಿದುವು. ಅಪರಾಧ ರುಜುವಾತಾಗುವ ಮೊದಲೇ ಮಾನ ಹೋಯಿತು.

ಖಾಸಗಿ ಜೀವನದ ಬೆಲೆಯನ್ನು ನಮಗೆ ತೋರಿಸಿಕೊಟ್ಟವರಲ್ಲಿ ಕನ್ನಡ ನಾಡಿನವರೊಬ್ಬರಿದ್ದಾರೆಂಬುದು ಹೆಮ್ಮೆಯ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ ಅರ್ಜಿಯ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿದರು.

ಆದುದರಿಂದ, ವಿದ್ಯಾರ್ಥಿಗಳೇ, ಎರಡು ವಿಷಯಗಳನ್ನು ನೆನಪಿನಲ್ಲಿಡಿರಿ. ಶಾಲೆಯ ಕಾರ್ಯಕ್ರಮದಲ್ಲಿ ನೀವು ಒಂದು ನಾಟಕವಾಡುವುದಕ್ಕೂ ಹಾಡು ಹಾಡುವುದಕ್ಕೂ ಕಾಯಿದೆಯ 52ನೆಯ ಕಲಮು ಅವಕಾಶ ಕೊಟ್ಟಿದೆ. ಆದರೆ ಅದನ್ನು ಚಿತ್ರೀಕರಿಸಿ ಅಂತರ್ಜಾಲಕ್ಕೇರಿಸುವುದು ಬೇರೆಯೇ ಮಾತು. ಯಾರಾದರೂ ಆಧಾರವಿಲ್ಲದೆ ಬೆದರಿಸಿದರೆ, ನ್ಯಾಯಾಲಯದ ಮೊರೆಹೊಕ್ಕು ಪರಿಹಾರ ಕೇಳುವ ದಾರಿಯನ್ನು 60ನೆಯ ಕಲಮು ತೋರಿಸುತ್ತದೆ. ಪರರ ಶ್ರಮವನ್ನು ಕದಿಯದಿರುವುದು ನಮ್ಮ ಕರ್ತವ್ಯ. ಬೆದರಿಕೆಗೆ ಕುರುಡಾಗಿ ಬಾಗದಿರುವುದೂ ಕರ್ತವ್ಯವೇ.