ಹಳೆಯ ಕಾರಿನ ಪರೀಕ್ಷಾ ಚರಿತ್ರೆಯನ್ನು ಓದುವ ಬಗೆ

ಹಳೆಯ ಕಾರನ್ನು ಕೊಳ್ಳಹೊರಟವರು ಸಾಮಾನ್ಯವಾಗಿ ಅದರ ಬಣ್ಣವನ್ನು ನೋಡುತ್ತಾರೆ, ಎಂಜಿನ್ನಿನ ಸದ್ದನ್ನು ಆಲಿಸುತ್ತಾರೆ, ಒಂದೆರಡು ಕಿಲೋಮೀಟರು ಓಡಿಸಿ ತೃಪ್ತರಾಗುತ್ತಾರೆ. ಆ ಬಳಿಕ ಮಾರುವವನು ಎಮಿಶನ್ ಪತ್ರವೊಂದನ್ನು ತೋರಿಸಿ ‘ಗಾಡಿ ಪಾಸಾಗಿದೆ’ ಎಂದರೆ ಸಂಶಯವೆಲ್ಲ ನೀಗಿತೆಂದೇ ಭಾವಿಸುತ್ತಾರೆ. ಆದರೆ ಯಾವ ಪರೀಕ್ಷೆಯಲ್ಲಿ, ಯಾವಾಗ, ಎಷ್ಟರಮಟ್ಟಿಗೆ ಪಾಸಾಗಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯದೆ ಆ ಮಾತಿಗೆ ಬೆಲೆಯಿಲ್ಲ.

ಮೊದಲು ಕಾನೂನಿನ ಸ್ಥಿತಿಯನ್ನು ತಿಳಿಯೋಣ. 1988ರ ಮೋಟಾರು ವಾಹನ ಕಾಯಿದೆಯ ಮೇರೆಗೆ ಖಾಸಗಿ ಕಾರಿನ ನೋಂದಣಿಯು 15 ವರ್ಷ ಊರ್ಜಿತವಾಗಿರುತ್ತದೆ. ಆ ಅವಧಿ ತೀರಿದ ಮೇಲೆ ಗಾಡಿಯನ್ನು ತಪಾಸಣೆಗೆ ಒಪ್ಪಿಸಿ, ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. ಬಾಡಿಗೆಯ ಗಾಡಿಗಳಿಗಾದರೋ ಎಂಟು ವರ್ಷಗಳವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಎಫ್‌ಸಿ ಆಗಬೇಕು. ಇದರಿಂದ ಏನು ಫಲಿಸಿತು? ಧಾರವಾಡದ ಕೆಎ-25 ಅಥವಾ ಹುಬ್ಬಳ್ಳಿಯ ಕೆಎ-63 ಫಲಕವುಳ್ಳ ಹತ್ತು ವರ್ಷದ ಖಾಸಗಿ ಕಾರಿನ ಬ್ರೇಕನ್ನು ಆರ್‌ಟಿಒ ಕಚೇರಿಯು ಕಾಲಕಾಲಕ್ಕೆ ಪರೀಕ್ಷಿಸಿರುವುದಿಲ್ಲ. ಆದುದರಿಂದ ಅಂಥ ಗಾಡಿಯ ಚರಿತ್ರೆಯನ್ನು ಕೊಳ್ಳುವವನೇ ಬಿಡಿ ಕಾಗದಗಳಿಂದ ಜೋಡಿಸಿಕೊಳ್ಳಬೇಕಾಗುತ್ತದೆ.

ಎಮಿಶನ್ ಪತ್ರವು ಹೊಗೆಯೊಂದನ್ನೇ ಕುರಿತದ್ದು. ಪೆಟ್ರೋಲ್ ಗಾಡಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳ ಪ್ರಮಾಣವನ್ನು ಅಳೆಯುತ್ತಾರೆ. ಡೀಸೆಲ್ ಗಾಡಿಯಲ್ಲಿ ಹೊಗೆಯ ಮೂಲಕ ಬೆಳಕನ್ನು ಹಾಯಿಸಿ, ಅದು ಎಷ್ಟು ಕುಂದಿತೆಂಬುದನ್ನು ನೋಡುತ್ತಾರೆ. ಬಿಎಸ್-4 ಡೀಸೆಲ್ ಕಾರಿಗೆ ಬೆಳಕಿನ ಹೀರಿಕೆಯ ಗುಣಾಂಕದ ಮಿತಿಯು ಮೀಟರಿಗೆ 1.62. ಅಂದರೆ 43 ಸೆಂಟಿಮೀಟರು ಉದ್ದದ ಹೊಗೆಯ ಸ್ತಂಭವನ್ನು ದಾಟುವಷ್ಟರಲ್ಲಿ ಬೆಳಕು ಸುಮಾರು ಅರ್ಧಕ್ಕಿಳಿಯುತ್ತದೆ. ಅದಕ್ಕೂ ಹಿಂದಿನ ಗಾಡಿಗಳಿಗೆ ಮಿತಿಯು 2.45, ಅಲ್ಲಿ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಬೆಳಕು ಮಾತ್ರ ಉಳಿಯುತ್ತದೆ.

ಈ ಅಂಕಿಯು ಪತ್ರದಲ್ಲಿಯೇ ಮುದ್ರಿತವಾಗಿರುತ್ತದೆ. ಆದರೆ ಅದನ್ನು ಓದುವವರು ವಿರಳ. ಒಂದು ಗಾಡಿಯ ಮೂರು ವರ್ಷಗಳ ಪತ್ರಗಳಲ್ಲಿ 0.7, 1.0, 1.4 ಎಂದಿದೆಯೆನ್ನೋಣ. ಇನ್ನೊಂದರಲ್ಲಿ 1.4, 1.3, 1.4 ಎಂದಿದೆ. ಎರಡೂ ಪಾಸಾದವೇ, ಕೊನೆಯ ಅಂಕಿಯೂ ಒಂದೇ. ಆದರೂ ಮೊದಲನೆಯದರಲ್ಲಿ ಇಂಜೆಕ್ಟರೋ ಗಾಳಿಯ ಫಿಲ್ಟರೋ ಕೆಡುತ್ತಿರುವ ಸಂಭವವಿದೆ. ಒಂದು ಕೇಂದ್ರದ ಅಳತೆಗೂ ಇನ್ನೊಂದರ ಅಳತೆಗೂ ಅಲ್ಪ ಭೇದವಿರುವುದು ಸಹಜವಾದುದರಿಂದ, ಒಂದು ಏರಿಕೆಯನ್ನು ಕಂಡೊಡನೆ ತೀರ್ಮಾನಿಸಲಾಗದು. ಏರಿಕೆಯು ಸತತವಾಗಿದ್ದರೆ ಮಾತ್ರ ಕಾರಣವನ್ನು ಕೇಳತಕ್ಕದ್ದು. ಆದಕಾರಣ ಚಾಲ್ತಿಯ ಪತ್ರವೊಂದೇ ಸಾಲದು, ಹಳೆಯವನ್ನೂ ಕೇಳಿ ಪಡೆಯಬೇಕು.

ಎರಡನೆಯ ಸಾಕ್ಷಿ ಓಡೋಮೀಟರು. ಗಾಡಿ ಓಡಿದ ದೂರವು ಕಾಲ ಸರಿದಂತೆ ಹೆಚ್ಚಬಲ್ಲದೇ ಹೊರತು ಎಂದಿಗೂ ಕಡಿಮೆಯಾಗದು. ಸರ್ವಿಸ್ ಬಿಲ್ಲುಗಳಲ್ಲಿ ದಿನಾಂಕದೊಡನೆ ಕಿಲೋಮೀಟರನ್ನೂ ಬರೆದಿರುತ್ತಾರೆ. ಅವನ್ನು ಕ್ರಮವಾಗಿ ಒಂದು ಹಾಳೆಯಲ್ಲಿ ಗುರುತಿಸಿಕೊಳ್ಳಿರಿ. 2021ರಲ್ಲಿ 52,900, 2023ರಲ್ಲಿ 71,000 ಎಂದಿದ್ದು, ಈಗ ಮೀಟರಿನಲ್ಲಿ 58,000 ಕಂಡರೆ ಮೀಟರನ್ನು ತಿದ್ದಿದ್ದಾರೆ ಇಲ್ಲವೇ ಬದಲಿಸಿದ್ದಾರೆ. ಬಿಲ್ಲುಗಳಿಲ್ಲದಿದ್ದರೂ ಸರಳ ಗಣಿತ ನೆರವಾಗುತ್ತದೆ. ಹುಬ್ಬಳ್ಳಿಗೂ ಧಾರವಾಡಕ್ಕೂ ಸುಮಾರು 20 ಕಿಲೋಮೀಟರು. ದಿನವೂ ಹೋಗಿಬಂದರೆ 40. ವರ್ಷದಲ್ಲಿ 300 ದಿನವೆಂದರೆ 12,000. ನಿತ್ಯವೂ ಈ ದಾರಿಯಲ್ಲಿ ತಿರುಗಿದ ಏಳು ವರ್ಷದ ಕಾರು 35,000 ಮಾತ್ರ ತೋರಿಸಿದರೆ ಅದು ನಂಬತಕ್ಕ ಮಾತಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕು. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಹೋಗುವ ಕಾರಿನ ವೇಗವನ್ನು ಬ್ರೇಕು ಸೆಕೆಂಡಿಗೆ 6 ಮೀಟರಿನಂತೆ ತಗ್ಗಿಸಿದರೆ ಗಾಡಿಯು 41 ಮೀಟರಿನಲ್ಲಿ ನಿಲ್ಲುತ್ತದೆ. 4 ಮೀಟರಿನಂತೆ ತಗ್ಗಿಸಿದರೆ ಸುಮಾರು 62 ಮೀಟರು ಬೇಕು. ನಡುವಣ 21 ಮೀಟರಿನಲ್ಲಿ ಮುಂದಿನ ಲಾರಿ ಇರಬಹುದು, ರಸ್ತೆ ದಾಟುವ ಮನುಷ್ಯನಿರಬಹುದು. ಇದಲ್ಲದೆ ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರುತ್ತ ಬರುವುದರಿಂದ ಅದರ ಕುದಿಯುವ ಉಷ್ಣತೆ ಇಳಿಯುತ್ತದೆ. ಯಲ್ಲಾಪುರದಿಂದ ಅಂಕೋಲೆಗೆ ಅರಬೈಲು ಘಟ್ಟವನ್ನು ಇಳಿಯುವಾಗ ಬ್ರೇಕು ಕಾದು ಎಣ್ಣೆ ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ಆವಿಯು ಅದುಮಿದರೆ ಕುಗ್ಗುವುದರಿಂದ ಒತ್ತಡವು ಚಕ್ರಕ್ಕೆ ಮುಟ್ಟದೆ ಪೆಡಲು ಕೆಳಗೆ ಕುಸಿಯುತ್ತದೆ. ಊರೊಳಗಿನ ಎರಡು ಕಿಲೋಮೀಟರಿನ ಸವಾರಿಯಲ್ಲಿ ಈ ದೋಷವು ಗೋಚರಿಸದು. ಬ್ರೇಕ್ ಎಣ್ಣೆಯನ್ನು ಬದಲಿಸಿದ ಬಿಲ್ಲು ಎಂದಿನದೆಂದು ನೋಡಬೇಕು. ನಂಬಿಕೆಯ ಮೆಕ್ಯಾನಿಕರಿಂದ ಚಕ್ರ ಬಿಚ್ಚಿಸಿ ಪ್ಯಾಡು, ಡಿಸ್ಕುಗಳ ದಪ್ಪವನ್ನು ಅಳೆಸಬೇಕು.

ಸರಕಾರದ ಪರಿವಾಹನ್ ಜಾಲತಾಣದಲ್ಲಿ ಗಾಡಿಯ ಸಂಖ್ಯೆಯಿಂದ ನೋಂದಣಿ, ವಿಮೆ, ಎಮಿಶನ್ ಪತ್ರಗಳ ಅವಧಿಯನ್ನು ಆರ್‌ಸಿಯೊಡನೆ ತಾಳೆ ನೋಡಬಹುದು. ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನೂ ಆರ್‌ಸಿಯೊಡನೆ ಹೋಲಿಸಬೇಕು. ನಮ್ಮ ಭಾಗಕ್ಕೆ ಗೋವಾ, ಮಹಾರಾಷ್ಟ್ರಗಳ ಗಾಡಿಗಳು ಮಾರಾಟಕ್ಕೆ ಬರುವುದುಂಟು. ಅವಕ್ಕೆ ಅಲ್ಲಿಯ ಆರ್‌ಟಿಒ ಕಚೇರಿಯ ಎನ್‌ಒಸಿ ಬೇಕು, ಇಲ್ಲಿಯ ತೆರಿಗೆಯ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಬೇಕು.

ಒಂದು ಪ್ರಮಾಣಪತ್ರವು ಒಂದು ದಿನದ ಒಂದು ಅಳತೆ ಮಾತ್ರ. ಹಲವು ಅಳತೆಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದಾಗಲೇ ಗಾಡಿಯ ನಿಜಸ್ಥಿತಿ ತಿಳಿಯುವುದು. ಕಾಗದಗಳು ಎಲ್ಲಿ ತುಂಡಾಗಿವೆಯೋ ಅಲ್ಲಿ ಮಾರುವವನ ಮಾತನ್ನು ತುಂಬಿಕೊಳ್ಳದೆ ಮೆಕ್ಯಾನಿಕರ ಅಳತೆಯನ್ನು ತುಂಬಿಕೊಳ್ಳಬೇಕು. ಅದಕ್ಕೆ ಒಪ್ಪದವರಿಂದ ಗಾಡಿಯನ್ನು ಕೊಳ್ಳದಿರುವುದೇ ಲೇಸು.